ಚಂದ್ರನ ಚಿತ್ರದಲ್ಲಿ ಯಾವುದು ಮೊದಲು, ಯಾವುದು ಆಮೇಲೆ? ಗ್ರಹಗಳ ಮೇಲ್ಮೈ ಓದುವ ಸಮಗ್ರ ಮಾರ್ಗದರ್ಶಿ

ಮೈಸೂರು, ಮಂಡ್ಯ ಕಡೆಯ ಕಾಲೇಜು ವಿದ್ಯಾರ್ಥಿಗಳು, ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಕ್ಕಳನ್ನು ತಯಾರು ಮಾಡುವ ಮೇಷ್ಟ್ರುಗಳು ಚಂದ್ರನದೋ ಮಂಗಳನದೋ ಒಂದು ಚಿತ್ರ ಇಟ್ಟುಕೊಂಡು ಅದರ ಭೂವೈಜ್ಞಾನಿಕ ನಕ್ಷೆ ಬರೆಯಲು ಕೂರುತ್ತಾರೆ. ಎಡವುವುದು ಮಾತ್ರ ಎಲ್ಲರೂ ಒಂದೇ ಜಾಗದಲ್ಲಿ. ಚಿತ್ರ ಕಣ್ಣಿಗೆ ಬಿದ್ದ ಕೂಡಲೇ "ಇದು ಜ್ವಾಲಾಮುಖಿ, ಇದು ಒಣಗಿದ ನದಿ" ಎಂದು ಹೆಸರಿಟ್ಟುಬಿಡುತ್ತಾರೆ. ಆಮೇಲೆ ಆ ಹೆಸರಿಗೆ ತಕ್ಕಂತೆ ಉಳಿದದ್ದನ್ನೆಲ್ಲ ಎಳೆದು ಹೊಂದಿಸುತ್ತಾರೆ. ಮೊದಲ ಹೆಸರು ತಪ್ಪಿದರೆ ನಕ್ಷೆ ಪೂರ್ತಿ ತಪ್ಪಿದ ಹಾಗೆ.

ಸರಿಯಾದ ಕ್ರಮವೇ ಬೇರೆ. ಮೊದಲು ಬೆಳಕು ಎತ್ತಲಿಂದ ಬಿದ್ದಿದೆ ಎಂದು ನೋಡಬೇಕು. ಆಮೇಲೆ ಗಡಿಗಳನ್ನು ಎಳೆಯಬೇಕು. ಆಮೇಲೆ ಯಾವುದರ ಮೇಲೆ ಯಾವುದು ಕೂತಿದೆ ಎಂದು ತೀರ್ಮಾನಿಸಬೇಕು. ಅದನ್ನು ಉಂಟುಮಾಡಿದ ಪ್ರಕ್ರಿಯೆ ಯಾವುದು ಎಂಬ ಪ್ರಶ್ನೆ ಇವೆಲ್ಲ ಮುಗಿದ ಮೇಲೆ ಬರುತ್ತದೆ. ಉಲ್ಕೆಯ ಬಡಿತ, ಲಾವಾ, ಹೊರಪದರದ ಬಿರುಕು, ಸವೆತ ಈ ನಾಲ್ಕೂ ಒಂದೇ ನೆಲದ ಮೇಲೆ ಬೇರೆ ಬೇರೆ ಕಾಲದಲ್ಲಿ ಕೆಲಸ ಮಾಡಿರುತ್ತವೆ. ಕಾಲದ ಕ್ರಮ ಬಿಡಿಸದೆ ಯಾವುದು ಯಾರ ಕೆಲಸ ಎಂದು ಹೇಳಲು ಬರುವುದಿಲ್ಲ.

ಅಭ್ಯಾಸಕ್ಕೆ ಇಲ್ಲಿ ಆರಿಸಿರುವುದು ಚಂದ್ರನ ಇಂಬ್ರಿಯಂ ಬಯಲಿನ ದಕ್ಷಿಣ ಭಾಗ. ಆರ್ಕಿಮಿಡೀಸ್, ಎರಟೋಸ್ಥೆನೀಸ್, ಕೋಪರ್ನಿಕಸ್ ಎಂಬ ಮೂರು ದೊಡ್ಡ ಕುಳಿಗಳು ಇಲ್ಲಿ ಅಕ್ಕಪಕ್ಕದಲ್ಲಿವೆ, ಮೂರೂ ಮೂರು ಕಾಲದವು. ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

## ಬೇಕಾಗುವ ಸಾಮಾನು

ಎ3 ಅಳತೆಯ ಎರಡು ಪ್ರಿಂಟ್, ಅದೇ ಅಳತೆಯ ಮೂರ್ನಾಲ್ಕು ಟ್ರೇಸಿಂಗ್ ಹಾಳೆ, ಎಚ್‌ಬಿ ಪೆನ್ಸಿಲ್, ರಬ್ಬರ್, ಐದಾರು ಬಣ್ಣದ ಪೆನ್ಸಿಲ್, 30 ಸೆಂ.ಮೀ. ಸ್ಕೇಲು, ಮಾಸ್ಕಿಂಗ್ ಟೇಪು, ಒಂದು ಭೂತಗನ್ನಡಿ. ಪೋಸ್ಟ್‌ಕಾರ್ಡ್ ಅಳತೆಯಲ್ಲಿ ಕತ್ತರಿಸಿದ ಇಪ್ಪತ್ತು ಚೀಟಿಗಳೂ ಇರಲಿ. ಅವುಗಳ ಕೆಲಸ ಐದನೇ ಹಂತದಲ್ಲಿ ಬರುತ್ತದೆ. ಟ್ರೇಸಿಂಗ್ ಹಾಳೆ ತೀರಾ ತೆಳ್ಳಗಿದ್ದರೆ ಎರಡು ಸಲ ಅಳಿಸುವಷ್ಟರಲ್ಲಿ ಹರಿಯುತ್ತದೆ, ಅಂಗಡಿಯಲ್ಲಿ ದಪ್ಪನೆಯದನ್ನೇ ಕೇಳಿ.

ಕಂಪ್ಯೂಟರಿನಲ್ಲೇ ಮಾಡುತ್ತೇವೆ ಎನ್ನುವವರು ಮೊದಲ ಸಲವಾದರೂ ಕಾಗದದ ಮೇಲೆ ಮಾಡಿ. ಪರದೆಯ ಮೇಲೆ ಬೇಕಾದಾಗ ಹಿಗ್ಗಿಸಿ ನೋಡುವ ಅಭ್ಯಾಸ ಬಿದ್ದರೆ ಒಂದೊಂದು ಗಡಿ ಒಂದೊಂದು ಅಳತೆಯಲ್ಲಿ ಎಳೆದಂತಾಗಿ ನಕ್ಷೆ ಕೂಡಿಬರುವುದಿಲ್ಲ.

## ಹಂತ 1: ಚಿತ್ರ ಆರಿಸುವುದು

ಅಮೆರಿಕದ ಲೂನಾರ್ ರೆಕನಯ್ಸನ್ಸ್ ಆರ್ಬಿಟರ್ 2009ರಿಂದ ಚಂದ್ರನನ್ನು ಸುತ್ತುತ್ತಿದೆ. ಅದರ ಅಗಲ ನೋಟದ ಕ್ಯಾಮೆರಾ ತೆಗೆದ, ಒಂದು ಪಿಕ್ಸೆಲ್‌ಗೆ 100 ಮೀಟರ್ ಇರುವ ಜೋಡಣೆ ಚಿತ್ರ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಈ ಕೆಲಸಕ್ಕೆ ಅದು ಸಾಕು. ಚಂದ್ರಯಾನ-2ರ ಭೂನಕ್ಷೆ ಕ್ಯಾಮೆರಾ ಪಿಕ್ಸೆಲ್‌ಗೆ 5 ಮೀಟರ್ ತೋರಿಸುತ್ತದೆ. ಆದರೆ 600 ಕಿ.ಮೀ. ಉದ್ದದ ಪ್ರದೇಶ ಓದುವಾಗ ಅಷ್ಟು ಸೂಕ್ಷ್ಮ ಬೇಡ. ಒಂದೇ ಕುಳಿಯ ಅಂಚನ್ನು ಪರೀಕ್ಷಿಸುವಾಗ ಅದನ್ನು ತೆಗೆಯಿರಿ.

ಒಂದೇ ಪ್ರದೇಶದ ಎರಡು ಚಿತ್ರ ಬೇಕು: ಸೂರ್ಯ ಕೆಳಗಿದ್ದಾಗ ತೆಗೆದದ್ದೊಂದು, ನೆತ್ತಿಯ ಮೇಲಿದ್ದಾಗ ತೆಗೆದದ್ದೊಂದು. ಕೆಳಗಿನ ಸೂರ್ಯ ಉಬ್ಬುತಗ್ಗನ್ನು ತೋರಿಸುತ್ತಾನೆ, ನೆತ್ತಿಯ ಸೂರ್ಯ ನೆಲದ ಬಣ್ಣವನ್ನು ತೋರಿಸುತ್ತಾನೆ. ಒಂದನ್ನೇ ನಂಬಿದವರಿಗೆ ಅರ್ಧ ಮಾಹಿತಿ ಮಾತ್ರ ಸಿಗುತ್ತದೆ. ಎರಟೋಸ್ಥೆನೀಸ್ ಇದಕ್ಕೆ ಒಳ್ಳೆಯ ಉದಾಹರಣೆ. ಬೆಳಗಿನ ಓರೆ ಬಿಸಿಲಿನಲ್ಲಿ ಎದ್ದು ಕಾಣುವ ಈ ಕುಳಿ ಹುಣ್ಣಿಮೆಯಂದು ಹುಡುಕಿದರೂ ಸಿಗುವುದಿಲ್ಲ.

ಕೈಯಲ್ಲಿ ಸಣ್ಣ ದೂರದರ್ಶಕ ಇದ್ದರೆ ತಾರಸಿಯಿಂದಲೇ ಇದನ್ನು ನೋಡಿಕೊಳ್ಳಬಹುದು. ಶುಕ್ಲ ಪಕ್ಷದ ಅಷ್ಟಮಿಯ ಸುಮಾರಿಗೆ ಆರ್ಕಿಮಿಡೀಸ್ ಬೆಳಕು ಕತ್ತಲೆಯ ಗಡಿಗೆ ಬರುತ್ತದೆ. ಬೆನ್ನಿಗೇ ಎರಟೋಸ್ಥೆನೀಸ್, ನವಮಿ ದಶಮಿಯ ಹೊತ್ತಿಗೆ ಕೋಪರ್ನಿಕಸ್. ಮೈಸೂರಿನಲ್ಲಿ ಆ ದಿನಗಳ ಸಂಜೆ ಚಂದ್ರ ಮೇಲೆಯೇ ಇರುತ್ತಾನೆ, ಮನೆಗಳ ಅಡ್ಡಿ ಕಡಿಮೆ. ಅದೇ ಜಾಗವನ್ನು ಹುಣ್ಣಿಮೆಯಂದು ಮತ್ತೆ ನೋಡಿ. ನೆರಳೆಲ್ಲ ಮಾಯವಾಗಿ ಕೋಪರ್ನಿಕಸ್ ಸುತ್ತ ಬಿಳಿ ಕಿರಣರೇಖೆಗಳು ಹರಡಿರುವುದು ಮಾತ್ರ ಕಾಣುತ್ತದೆ.

ಪ್ರಿಂಟ್ ಹಾಕಿಸುವಾಗ ಆಗುವ ತಪ್ಪು. ಚಿತ್ರವನ್ನು ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಸಣ್ಣ ಕುಳಿಗಳು ಅಳಿಸಿಹೋಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿ ಅಥವಾ ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಜೆರಾಕ್ಸ್ ಅಂಗಡಿಯವರು ಕಾಗದಕ್ಕೆ ತಕ್ಕಂತೆ ಹಿಗ್ಗಿಸಿ ಕೊಡುವುದು ವಾಡಿಕೆ, ಅಳತೆ ಬದಲಿಸದೆ ನೂರಕ್ಕೆ ನೂರು ತೆಗೆಯಲು ಹೇಳಿ. ಪ್ರಿಂಟಿನ ಮೇಲೆ ಮತ್ತೆ ಜೆರಾಕ್ಸ್ ತೆಗೆದರೆ ನೆರಳುಗಳೆಲ್ಲ ಕಪ್ಪು ಮಸಿಯಾಗುತ್ತವೆ, ಅಂಥ ಪ್ರತಿ ಕೆಲಸಕ್ಕೆ ಬಾರದು.

## ಹಂತ 2: ಅಳತೆಯನ್ನು ಖಚಿತಮಾಡಿಕೊಳ್ಳುವುದು

ಎ3 ಕಾಗದವನ್ನು ಉದ್ದಕ್ಕೆ ನಿಲ್ಲಿಸಿ, 1 ಸೆಂ.ಮೀ.ಗೆ 20 ಕಿ.ಮೀ. ಅಳತೆ ಇಟ್ಟುಕೊಂಡರೆ ಮೂರೂ ಕುಳಿಗಳು ಸುತ್ತಲ ನೆಲದೊಂದಿಗೆ ಹಿಡಿಸುತ್ತವೆ. ಆಗ ಸುಮಾರು 93 ಕಿ.ಮೀ. ಅಗಲದ ಕೋಪರ್ನಿಕಸ್ ನಿಮ್ಮ ಕಾಗದದ ಮೇಲೆ ನಾಲ್ಕೂವರೆ ಸೆಂ.ಮೀ.ಗಿಂತ ಚೂರು ಹೆಚ್ಚು ಬರಬೇಕು. ಎರಟೋಸ್ಥೆನೀಸ್ ಮೂರು ಸೆಂ.ಮೀ.ಗೆ ಸ್ವಲ್ಪ ಕಡಿಮೆ, ಆರ್ಕಿಮಿಡೀಸ್ ನಾಲ್ಕಕ್ಕೆ ಸ್ವಲ್ಪ ಹೆಚ್ಚು. ಸ್ಕೇಲು ಇಟ್ಟು ನೋಡಿ. ಹೊಂದದಿದ್ದರೆ ಪ್ರಿಂಟ್ ಹಿಗ್ಗಿದೆ ಎಂದರ್ಥ.

ಅಡ್ಡಗಲ ಉದ್ದಗಲ ಎರಡನ್ನೂ ಅಳೆಯಿರಿ. ಅಕ್ಷಾಂಶ ರೇಖಾಂಶಗಳನ್ನು ಸಮ ಚೌಕಗಳಾಗಿ ಹರಡಿದ ನಕ್ಷೆಯಲ್ಲಿ 30 ಡಿಗ್ರಿ ಉತ್ತರದ ಆರ್ಕಿಮಿಡೀಸ್ ಪೂರ್ವ ಪಶ್ಚಿಮವಾಗಿ ಶೇ 15ರಷ್ಟು ಹಿಗ್ಗಿ ಮೊಟ್ಟೆಯಾಕಾರ ತಾಳುತ್ತದೆ. ಅದನ್ನು ನೋಡಿ "ಉಲ್ಕೆ ಓರೆಯಾಗಿ ಬಡಿದಿದೆ" ಎಂದು ಬರೆದವರಿದ್ದಾರೆ. ಓರೆಯಾಗಿ ಬಡಿದ ಉಲ್ಕೆಯೂ ಸಾಮಾನ್ಯವಾಗಿ ದುಂಡು ಕುಳಿಯನ್ನೇ ಮಾಡುತ್ತದೆ. ನೆಲಕ್ಕೆ 15 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಬಂದರೆ ಮಾತ್ರ ಕುಳಿ ಉದ್ದವಾಗತೊಡಗುತ್ತದೆ. ಹಾಗಾಗಿ ಅಕ್ಕಪಕ್ಕದ ಕುಳಿಗಳೆಲ್ಲ ಒಂದೇ ದಿಕ್ಕಿಗೆ ಹಿಗ್ಗಿದ್ದರೆ ಅದು ನಕ್ಷೆಯ ದೋಷ, ಬಡಿತದ ಗುಣವಲ್ಲ.

ಉತ್ತರ ದಿಕ್ಕಿನ ಬಾಣ, ಅಳತೆ ಪಟ್ಟಿ ಎರಡನ್ನೂ ಈಗಲೇ ಗುರುತಿಸಿ. ಮುಂದಿನ ಹಂತದಲ್ಲಿ ಕಾಗದ ತಿರುಗುತ್ತದೆ.

## ಹಂತ 3: ಬೆಳಕಿನ ದಿಕ್ಕು

ಕುಳಿ ಗುಡ್ಡವಾಗಿ ಕಾಣುವುದು, ಗುಡ್ಡ ಕುಳಿಯಾಗಿ ಕಾಣುವುದು ಹೊಸಬರನ್ನು ಕಾಡುವ ದೊಡ್ಡ ತೊಂದರೆ. ಬೆಳಕು ಮೇಲಿನಿಂದ ಬೀಳುತ್ತದೆ ಎಂದು ನಮ್ಮ ಕಣ್ಣು ಮೊದಲೇ ಎಣಿಸಿಕೊಂಡಿರುತ್ತದೆ. ಚಿತ್ರದಲ್ಲಿ ಬೆಳಕು ಕೆಳಗಿನಿಂದ ಬಂದಿದ್ದರೆ ನೆಲವೆಲ್ಲ ತಿರುವುಮುರುವಾಗುತ್ತದೆ. ಪರಿಹಾರ ಸುಲಭ: ಬೆಳಕು ಮೇಲಿನಿಂದ ಅಥವಾ ಮೇಲಿನ ಎಡಗಡೆಯಿಂದ ಬರುವಂತೆ ಕಾಗದವನ್ನು ತಿರುಗಿಸಿ ಟೇಪು ಹಾಕಿ ಕೂರಿಸಿ. ಉತ್ತರ ಕೆಳಗೆ ಬಂದರೂ ಚಿಂತೆಯಿಲ್ಲ, ಬಾಣ ಹಾಕಿಯಾಗಿದೆ.

ದಿಕ್ಕು ಕಂಡುಹಿಡಿಯಲು ಚೂಪು ಅಂಚಿನ, ಬಟ್ಟಲಿನಂಥ ಸಣ್ಣ ಕುಳಿಯೊಂದನ್ನು ಹುಡುಕಿ. ಕುಳಿಯಲ್ಲಿ ನೆರಳು ಬೀಳುವುದು ಸೂರ್ಯನ ಕಡೆಯ ಗೋಡೆಯ ಒಳಮೈ ಮೇಲೆ. ಎದುರಿನ ಗೋಡೆ ಬೆಳಗುತ್ತದೆ. ಗುಡ್ಡದಲ್ಲಿ ಇದು ಉಲ್ಟಾ. ಆದರೆ ಅದು ಕುಳಿ ಎಂಬುದೇ ಅನುಮಾನವಾದರೆ ಈ ಉಪಾಯ ಸುತ್ತು ಹೊಡೆಯುತ್ತದೆ. ಆಗ ಚಿತ್ರದ ಜೊತೆ ಕೊಟ್ಟಿರುವ ಸೂರ್ಯನ ದಿಕ್ಕಿನ ಮಾಹಿತಿಯನ್ನೇ ನೋಡಬೇಕು. ಅದಿಲ್ಲದ ಚಿತ್ರವನ್ನು ಬಳಸದಿರುವುದೇ ವಾಸಿ. ಹಲವು ಚಿತ್ರ ಕೂಡಿಸಿ ಮಾಡಿದ ಜೋಡಣೆಯಲ್ಲಿ ಪಟ್ಟಿಯಿಂದ ಪಟ್ಟಿಗೆ ನೆರಳು ಬದಲಾಗಬಹುದು. ನಾಲ್ಕೂ ಮೂಲೆಗಳಲ್ಲಿ ಒಂದೊಂದು ಕುಳಿ ಪರೀಕ್ಷಿಸಿ.

ನೆರಳಿನಿಂದ ಎತ್ತರವೂ ಸಿಗುತ್ತದೆ. ನೆರಳಿನ ಉದ್ದವನ್ನು ಸೂರ್ಯನ ಎತ್ತರದ ಕೋನದ ಟ್ಯಾಂಜೆಂಟ್‌ನಿಂದ ಗುಣಿಸಿ. ಸೂರ್ಯ 10 ಡಿಗ್ರಿ ಮೇಲಿದ್ದು ನೆರಳು 5 ಕಿ.ಮೀ. ಇದ್ದರೆ, 5 ಗುಣಿಸು 0.176, ಅಂದರೆ ಸುಮಾರು 880 ಮೀಟರ್. ಇದು ಅಂಚಿನ ತುದಿಗೂ ನೆರಳಿನ ತುದಿ ಬಿದ್ದ ಜಾಗಕ್ಕೂ ಇರುವ ವ್ಯತ್ಯಾಸ. ನೆರಳು ಕುಳಿಯೊಳಗೆ ಬಿದ್ದಿದ್ದರೆ ಆಳ, ಹೊರಗೆ ಬಿದ್ದಿದ್ದರೆ ಸುತ್ತಲ ಬಯಲಿನಿಂದ ಎತ್ತರ. ಎರಡನ್ನೂ ಒಂದೇ ಕಾಲಮ್ಮಿನಲ್ಲಿ ಬರೆದು ಕಲಸಬೇಡಿ.

## ಹಂತ 4: ಗಡಿ ಎಳೆಯುವುದು

ಟ್ರೇಸಿಂಗ್ ಹಾಳೆಯನ್ನು ಪ್ರಿಂಟಿನ ಮೇಲೆ ನಾಲ್ಕೂ ಮೂಲೆಯಲ್ಲಿ ಟೇಪು ಹಚ್ಚಿ ಕೂರಿಸಿ. ಹಾಳೆ ಸರಿದರೆ ಗೊತ್ತಾಗಲೆಂದು ಮೂರು ಕಡೆ ಕೂಡು (+) ಗುರುತು ಹಾಕಿ.

ಈಗ ಒಂದೇ ಬಗೆಯ ನೆಲ ಎಲ್ಲಿ ಮುಗಿದು ಇನ್ನೊಂದು ಬಗೆ ಶುರುವಾಗುತ್ತದೆ ಎಂದು ನೋಡಿ ಗೆರೆ ಎಳೆಯಿರಿ. ಗಡಿ ಖಚಿತವಾಗಿದ್ದರೆ ಅಖಂಡ ಗೆರೆ, ಅಂದಾಜಾದರೆ ತುಂಡುಗೆರೆ, ಬೇರೊಂದರ ಕೆಳಗೆ ಹೂತುಹೋಗಿದ್ದರೆ ಚುಕ್ಕಿಗೆರೆ. ಭೂವಿಜ್ಞಾನದ ನಕ್ಷೆಗಳಲ್ಲೆಲ್ಲ ಇದೇ ರೂಢಿ.

ಹೆಸರುಗಳು ಬರಿಯ ನೋಟದ ಹೆಸರುಗಳಾಗಿರಲಿ: "ನಯವಾದ ಕಪ್ಪು ನೆಲ", "ಒರಟು ಬಿಳಿ ಗುಡ್ಡಸಾಲು", "ಕುಳಿಯ ಸುತ್ತಲ ಗೀರುಗೀರು ನೆಲ", "ಬಿಳಿ ಪಟ್ಟೆ". ಈ ಹಂತದಲ್ಲಿ ಲಾವಾ ಎಂಬ ಪದ ಕಾಗದದ ಮೇಲೆ ಬರಕೂಡದು. ವಿದ್ಯಾರ್ಥಿಗಳಿಗೆ ಇದು ಹಟದಂತೆ ಕಾಣಬಹುದು, ಆದರೆ ಇಲ್ಲಿ ಸಡಿಲ ಬಿಟ್ಟ ಗುಂಪುಗಳೇ ಆರನೇ ಹಂತದಲ್ಲಿ ಸಿಕ್ಕಿಬೀಳುತ್ತವೆ.

ಎಷ್ಟು ಸಣ್ಣದನ್ನು ಗುರುತಿಸಬೇಕು? ಕಾಗದದ ಮೇಲೆ 2 ಮಿ.ಮೀ.ಗಿಂತ ಚಿಕ್ಕದನ್ನು ಬಿಟ್ಟುಬಿಡಿ. ಎಲ್ಲ ಕುಳಿಗಳಿಗೂ ಉಂಗುರ ಎಳೆಯುತ್ತಾ ಹೋದರೆ ಎರಡು ಗಂಟೆ ಕಳೆದರೂ ಗಡಿ ಒಂದೂ ಮುಗಿದಿರುವುದಿಲ್ಲ.

ಬಣ್ಣ ಬದಲಾದ ಕಡೆಯೆಲ್ಲ ಗಡಿ ಎಳೆಯುವುದು ಇನ್ನೊಂದು ತಪ್ಪು. ಕಿರಣರೇಖೆಗಳು ನೆಲದ ಮೇಲೆ ಎರಚಿದ ತೆಳುವಾದ ಪುಡಿ, ಅವುಗಳ ಕೆಳಗಿನ ನೆಲ ಬದಲಾಗಿರುವುದಿಲ್ಲ. ಅವನ್ನು ಬೇರೆ ಬಣ್ಣದಲ್ಲಿ ಗೀರುಗಳಾಗಿ ಗುರುತಿಸಿ, ಕೆಳಗಿನ ಗಡಿಯನ್ನು ಕಡಿಯದಿರಿ.

## ಹಂತ 5: ಯಾವುದರ ಮೇಲೆ ಯಾವುದು

ಮಾರ್ಗದರ್ಶಿಯ ತಿರುಳು ಇದು, ಅವಸರ ಬೇಡ. ನಿಯಮಗಳು ಎರಡೇ. ಇನ್ನೊಂದನ್ನು ಮುಚ್ಚಿರುವುದು ಕಿರಿಯದು. ಇನ್ನೊಂದನ್ನು ಕಡಿದಿರುವುದು ಕಿರಿಯದು.

ಎರಡು ನೆಲಗಳು ಮುಟ್ಟುವ ಪ್ರತಿ ಜಾಗಕ್ಕೂ ಒಂದು ಚೀಟಿ ಬರೆಯಿರಿ. "ಕಪ್ಪು ನೆಲ ಬಿಳಿ ಗುಡ್ಡದ ಮೇಲೆ: ಗುಡ್ಡದ ತಗ್ಗುಗಳಲ್ಲಿ ಕಪ್ಪು ನುಗ್ಗಿದೆ" ಎಂಬಂತೆ ತೀರ್ಮಾನದ ಜೊತೆಗೆ ಸಾಕ್ಷಿಯೂ ಇರಬೇಕು. ಸಾಕ್ಷಿ ಇಲ್ಲದ ಚೀಟಿ ಲೆಕ್ಕಕ್ಕಿಲ್ಲ. ಎಲ್ಲ ಚೀಟಿ ಬರೆದ ಮೇಲೆ ನೆಲದ ಮೇಲೆ ಹರವಿ, ಹಳೆಯದು ಕೆಳಗೆ ಹೊಸದು ಮೇಲೆ ಬರುವಂತೆ ಜೋಡಿಸಿ.

ನಮ್ಮ ಪ್ರದೇಶವನ್ನೇ ಬಿಡಿಸೋಣ.

ಆರ್ಕಿಮಿಡೀಸ್. ಸುಮಾರು 82 ಕಿ.ಮೀ. ಅಗಲ. ಇಷ್ಟು ದೊಡ್ಡ ಕುಳಿಯ ಮಧ್ಯೆ ಗುಡ್ಡ ಇರಬೇಕಿತ್ತು. ಇಲ್ಲ, ತಳ ಚಪ್ಪಟೆಯಾಗಿ ಕಪ್ಪಾಗಿದೆ. ಈಗ ಈಶಾನ್ಯದಲ್ಲಿರುವ ಅರಿಸ್ಟಿಲಸ್ ಕುಳಿಯನ್ನು ಅದರ ಪಕ್ಕ ಇಟ್ಟು ನೋಡಿ. ಅರಿಸ್ಟಿಲಸ್ ಸುತ್ತ ಕಪ್ಪು ನೆಲದ ಮೇಲೆ ಹೊರಮುಖವಾಗಿ ಏಣುಗಳು, ಗೀರುಗಳು ಹರಡಿವೆ, ಅವು ಬಡಿತದಲ್ಲಿ ಸಿಡಿದ ಮಣ್ಣುಕಲ್ಲಿನ ಎರಚಲು. ಆರ್ಕಿಮಿಡೀಸ್ ಸುತ್ತಲ ಕಪ್ಪು ನೆಲದ ಮೇಲೆ ಅಂಥ ಎರಚಲು ಕಾಣುವುದಿಲ್ಲ, ಕಪ್ಪು ನೆಲ ಅಂಚಿನವರೆಗೂ ಬಂದು ನಿಂತಿದೆ. ಅಂದರೆ ಆರ್ಕಿಮಿಡೀಸಿನ ಎರಚಲನ್ನು ಕಪ್ಪು ನೆಲ ಮುಚ್ಚಿದೆ, ಅರಿಸ್ಟಿಲಸಿನ ಎರಚಲು ಕಪ್ಪು ನೆಲವನ್ನು ಮುಚ್ಚಿದೆ. ಎರಡು ಚೀಟಿ ಸಿಕ್ಕವು.

ಆರ್ಕಿಮಿಡೀಸ್ ಮತ್ತು ಇಂಬ್ರಿಯಂ ಬೋಗುಣಿ. ಇಂಬ್ರಿಯಂ ಬಯಲಿನ ಅಂಚಿನಲ್ಲಿ ಅಪೆನೈನ್ ಗುಡ್ಡಸಾಲು ಕಮಾನಿನಂತೆ ನಿಂತಿದೆ. ಅದು ಸುಮಾರು 1,100 ಕಿ.ಮೀ. ಅಗಲದ ದೈತ್ಯ ಬಡಿತದ ಅಂಚು. ಆರ್ಕಿಮಿಡೀಸ್ ಈ ಬೋಗುಣಿಯ ಒಳಗಿದ್ದೂ ಸುಸ್ಥಿತಿಯಲ್ಲಿದೆ. ಬೋಗುಣಿಗಿಂತ ಮೊದಲೇ ಇದ್ದಿದ್ದರೆ ಅದು ಉಳಿಯುತ್ತಲೇ ಇರಲಿಲ್ಲ. ಹೀಗಾಗಿ ಬೋಗುಣಿ ಮೊದಲು, ಆರ್ಕಿಮಿಡೀಸ್ ಆಮೇಲೆ, ಕಪ್ಪು ನೆಲ ಅದಕ್ಕೂ ಆಮೇಲೆ. ಬೋಗುಣಿ ಆದ ಕೂಡಲೇ ಲಾವಾ ತುಂಬಿತು ಎಂದು ಬರೆಯುವವರು ಈ ಒಂದು ಕುಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಎರಡರ ನಡುವೆ ಇನ್ನೊಂದು ದೊಡ್ಡ ಬಡಿತಕ್ಕೆ ಆಗುವಷ್ಟು ಕಾಲ ಕಳೆದಿದೆ ಎಂಬುದಕ್ಕೆ ಅದೇ ಸಾಕ್ಷಿ.

ಎರಟೋಸ್ಥೆನೀಸ್. ಅಪೆನೈನ್ ಸಾಲಿನ ನೈಋತ್ಯ ತುದಿಯಲ್ಲಿ, ಸುಮಾರು 58 ಕಿ.ಮೀ. ಅಗಲ. ಮಧ್ಯೆ ಗುಡ್ಡ, ಗೋಡೆಯಲ್ಲಿ ಮೆಟ್ಟಿಲು, ಎರಚಲು ಕಪ್ಪು ನೆಲದ ಮೇಲೆ. ಹಾಗಾಗಿ ಕಪ್ಪು ನೆಲಕ್ಕಿಂತ ಕಿರಿಯದು. ಬಿಳಿ ಕಿರಣರೇಖೆ ಮಾತ್ರ ಇದಕ್ಕಿಲ್ಲ.

ಕೋಪರ್ನಿಕಸ್. ಇದರ ಕಿರಣರೇಖೆಗಳು ಎರಟೋಸ್ಥೆನೀಸಿನ ಮೇಲೆಯೂ ಹಾದುಹೋಗಿವೆ. ಹಾಗಾಗಿ ಮೂರರಲ್ಲಿ ಕೋಪರ್ನಿಕಸ್ಸೇ ಕಿರಿಯದು.

ಎರಟೋಸ್ಥೆನೀಸ್, ಕೋಪರ್ನಿಕಸ್ ಇವೆರಡರ ನಡುವೆ ಸ್ಟೇಡಿಯಸ್ ಎಂಬ ಹೂತುಹೋದ ಕುಳಿಯಿದೆ. ಭೂತಗನ್ನಡಿ ಹಿಡಿದು ಇಲ್ಲಿ ಸ್ವಲ್ಪ ಹೊತ್ತು ಕಳೆಯಿರಿ. ಅಂಚಿನ ತುಂಡುಗಳು ಮಾತ್ರ ಕಪ್ಪು ನೆಲದಿಂದ ಚೂರುಪಾರು ಮೇಲೆದ್ದಿವೆ. ಅದರ ಮೈಮೇಲೆಲ್ಲ ಸಾಲುಸಾಲಾಗಿ ಪುಟ್ಟ ಗುಳಿಗಳು, ಒಂದಕ್ಕೊಂದು ಅಂಟಿಕೊಂಡು ಸರಪಳಿಯಾಗಿವೆ. ಕೋಪರ್ನಿಕಸ್ ಆದಾಗ ಸಿಡಿದ ಬಂಡೆಗಳು ಬಿದ್ದು ಆದ ಮರಿಕುಳಿಗಳು ಅವು. ಒಂದೇ ಜಾಗದಲ್ಲಿ ಕುಳಿ, ಅದನ್ನು ಮುಳುಗಿಸಿದ ನೆಲ, ಅದರ ಮೇಲೆ ಬಿದ್ದ ಮರಿಕುಳಿ ಹೀಗೆ ಮೂರು ಪದರ ಕಾಣುತ್ತವೆ. ನಿಮ್ಮ ಚೀಟಿಗಳ ಜೋಡಣೆ ಸ್ಟೇಡಿಯಸಿಗೆ ಹೊಂದದಿದ್ದರೆ ಎಲ್ಲೋ ತಪ್ಪಿದೆ.

ಕೊನೆಗೆ ಸಿಗುವ ಕ್ರಮ: ಇಂಬ್ರಿಯಂ ಬೋಗುಣಿ, ಆರ್ಕಿಮಿಡೀಸ್, ಕಪ್ಪು ನೆಲ, ಎರಟೋಸ್ಥೆನೀಸ್, ಕೋಪರ್ನಿಕಸ್. ವರ್ಷದ ಲೆಕ್ಕ ಚಿತ್ರದಿಂದ ಬರುವುದಿಲ್ಲ, ಅಪೊಲೊ ಯಾತ್ರೆಗಳು ತಂದ ಕಲ್ಲುಗಳಿಂದ ಬಂದಿದೆ. ಬೋಗುಣಿಗೆ ಸುಮಾರು 390 ಕೋಟಿ ವರ್ಷ. ಬಯಲಿನ ಪೂರ್ವ ಅಂಚಿನಲ್ಲಿ ಇಳಿದ ಅಪೊಲೊ 15 ತಂದ ಬಸಾಲ್ಟಿಗೆ, ಅಂದರೆ ಕಪ್ಪು ನೆಲದ ಲಾವಾ ಗಟ್ಟಿಯಾದ ಕಲ್ಲಿಗೆ, ಸುಮಾರು 330 ಕೋಟಿ. ಕೋಪರ್ನಿಕಸಿಗೆ ಸುಮಾರು 80 ಕೋಟಿ. ನಮ್ಮ ಚಾಮುಂಡಿ ಬೆಟ್ಟದ ಗ್ರಾನೈಟಿನ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ. ಚಂದ್ರನಲ್ಲಿ ತೀರಾ ಹೊಸದು ಎನಿಸಿಕೊಂಡ ಕುಳಿ ನಮ್ಮ ಬೆಟ್ಟದ ಓರಗೆಯದು.

ಎಚ್ಚರಿಕೆಯ ಗುರುತು. ಚೀಟಿಗಳು ಸುತ್ತು ಹೊಡೆದರೆ, ಅಂದರೆ ಅ ಮೇಲೆ ಇ, ಇ ಮೇಲೆ ಉ, ಉ ಮೇಲೆ ಮತ್ತೆ ಅ ಬಂದರೆ, ಒಂದೇ ಹೆಸರಿನಡಿ ಎರಡು ನೆಲಗಳನ್ನು ಸೇರಿಸಿದ್ದೀರಿ. ಹೆಚ್ಚಿನ ಸಲ ಅಪರಾಧಿ "ಕಪ್ಪು ನೆಲ". ಅದು ಒಂದೇ ಸಲ ಹರಿದದ್ದಲ್ಲ. ಚೀನಾದ ಚಾಂಗ್‌ಇ-5 ನೌಕೆ 2020ರಲ್ಲಿ ಬೇರೊಂದು ಬಯಲಿನಿಂದ ತಂದ ಬಸಾಲ್ಟಿಗೆ ಸುಮಾರು 200 ಕೋಟಿ ವರ್ಷ ಮಾತ್ರ. ನಾಲ್ಕನೇ ಹಂತಕ್ಕೆ ಹಿಂತಿರುಗಿ ಅದನ್ನು ಎರಡಾಗಿ ಒಡೆಯಿರಿ.

## ಹಂತ 6: ಈಗ ಕಾರಣ ಹೆಸರಿಸಿ

ಬಡಿತವೋ ಜ್ವಾಲಾಮುಖಿಯೋ? ಬಡಿತದ ಕುಳಿಯ ಅಂಚು ಸುತ್ತಲ ನೆಲಕ್ಕಿಂತ ಎತ್ತರ, ತಳ ಸುತ್ತಲ ನೆಲಕ್ಕಿಂತ ಕೆಳಗೆ, ಹೊರಗೆ ಎರಚಲು. ಚಂದ್ರನಲ್ಲಿ 15ರಿಂದ 20 ಕಿ.ಮೀ.ವರೆಗಿನವು ಸರಳ ಬಟ್ಟಲು, ಹೊಸದಾಗಿದ್ದರೆ ಆಳ ಅಗಲದ ಐದನೇ ಒಂದು ಭಾಗ. ಅದಕ್ಕಿಂತ ದೊಡ್ಡವು ತಮ್ಮ ಭಾರಕ್ಕೆ ಕುಸಿದು ಮೆಟ್ಟಿಲು, ಚಪ್ಪಟೆ ತಳ, ನಡುಗುಡ್ಡ ಪಡೆಯುತ್ತವೆ. ಕ್ಯಾಲ್ಡೆರಾ, ಅಂದರೆ ಜ್ವಾಲಾಮುಖಿಯ ನೆತ್ತಿ ಕುಸಿದು ಆದ ಗುಂಡಿ, ಬೆಟ್ಟದ ನೆತ್ತಿಯಲ್ಲಿರುತ್ತದೆ, ಅಂಚು ಹಲವು ಕಮಾನುಗಳು ಕೂಡಿದಂತಿರುತ್ತದೆ, ಎರಚಲಿನ ಹೊದಿಕೆ ಇರುವುದಿಲ್ಲ. ಮಂಗಳನ ಒಲಿಂಪಸ್ ಮಾನ್ಸ್ ಶಿಖರದ ಚಿತ್ರ ನೋಡಿದರೆ ಇದು ಒಂದೇ ಸಲಕ್ಕೆ ಮನದಟ್ಟಾಗುತ್ತದೆ.

ದುಂಡಗಿರುವುದಷ್ಟೇ ಸಾಕ್ಷಿಯಲ್ಲ. ಕಾವೇರಿ ಪಾತ್ರದ ಬಂಡೆಗಳಲ್ಲಿ ಸುಳಿನೀರು ಕಲ್ಲು ತಿರುಗಿಸಿ ಕೊರೆದ ಗುಳಿಗಳೂ ಅಚ್ಚುಕಟ್ಟಾಗಿ ದುಂಡಗಿರುತ್ತವೆ. ಅವುಗಳಿಗೆ ಎತ್ತರದ ಅಂಚೂ ಇಲ್ಲ, ಎರಚಲೂ ಇಲ್ಲ.

ನದಿಯೋ ಲಾವಾ ಕಾಲುವೆಯೋ? ಚಂದ್ರನ ಹ್ಯಾಡ್ಲಿ ರಿಲ್ ಎಂಬ ಕಾಲುವೆ ಹಾವಿನಂತೆ ಹರಿದಿದೆ, ನೀರಿನದಲ್ಲ. ಲಾವಾ ಕಾಲುವೆ ಒಂದು ಗುಂಡಿಯಿಂದ ಶುರುವಾಗಿ ಮುಂದೆ ಹೋದಂತೆ ಕಿರಿದಾಗುತ್ತದೆ, ಉಪನದಿಗಳು ಸೇರುವುದಿಲ್ಲ. ಮಳೆನೀರಿನ ಹೊಳೆ ಸಣ್ಣ ಕವಲುಗಳಿಂದ ಶುರುವಾಗಿ ಮುಂದೆ ಅಗಲವಾಗುತ್ತದೆ. ಮಂಗಳನ ಜೆಜೆರೊ ಕುಳಿಗೆ ಹರಿದು ಬಂದ ಕಣಿವೆಯ ಬಾಯಲ್ಲಿ ಮೆಕ್ಕಲಿನ ಬೀಸಣಿಗೆ ಉಳಿದಿದೆ. 2021ರಲ್ಲಿ ಪರ್ಸೀವರೆನ್ಸ್ ರೋವರ್ ಇಳಿದದ್ದು ಅದನ್ನು ಹುಡುಕಿಕೊಂಡೇ.

ಬಿರುಕು ಮತ್ತು ಸುಕ್ಕು. ಎರಡು ಸಮಾನಾಂತರ ಗೆರೆಗಳ ನಡುವೆ ನೆಲ ಕುಸಿದಿದ್ದರೆ ಹೊರಪದರ ಎಳೆತಕ್ಕೆ ಸಿಕ್ಕಿದೆ. ಕಪ್ಪು ಬಯಲಿನ ಮೇಲೆ ಏಣು ಎದ್ದಿದ್ದರೆ ಒತ್ತಡಕ್ಕೆ ಸಿಕ್ಕಿದೆ. ಬುಧನಲ್ಲಿ ಗ್ರಹವೇ ತಣ್ಣಗಾಗಿ ಕುಗ್ಗಿದ್ದರಿಂದ ನೂರಾರು ಕಿ.ಮೀ. ಉದ್ದದ ಕಡಿದಾದ ಮೆಟ್ಟಿಲುಗಳು ಎದ್ದಿವೆ. ಅವು ಹಳೆಯ ಕುಳಿಗಳನ್ನು ಕಡಿದುಕೊಂಡು ಹೋಗಿರುವುದರಿಂದ ಕ್ರಮ ಹೇಳುವುದು ಸುಲಭ.

ಸಾಲುಕುಳಿಗಳಲ್ಲಿ ಮೋಸಹೋಗಬೇಡಿ. ಸಾಲನ್ನು ಸ್ಕೇಲಿನಲ್ಲಿ ಹಿಂದಕ್ಕೆ ಮುಂದುವರಿಸಿ ನೋಡಿ. ಅದು ದೊಡ್ಡ ಕುಳಿಯೊಂದರ ಕಡೆಗೆ ಹೋದರೆ ಮರಿಕುಳಿ. ಬಿರುಕಿನ ಗೆರೆಯ ಮೇಲೆಯೇ ಕೂತಿದ್ದು, ಎತ್ತರದ ಅಂಚು ಇಲ್ಲದಿದ್ದರೆ ನೆಲ ಒಳಗೆ ಕುಸಿದ ಗುಂಡಿಗಳು.

## ಹಂತ 7: ಕುಳಿ ಎಣಿಸಿ ತಾಳೆ ನೋಡುವುದು

ಎರಡು ನೆಲಗಳು ಎಲ್ಲೂ ಮುಟ್ಟದಿದ್ದರೆ ಚೀಟಿ ಬರೆಯಲಾಗದು. ಆಗ ಎಣಿಕೆ. ಹೆಚ್ಚು ಕಾಲ ಮುಚ್ಚಿಹೋಗದೆ ತೆರೆದಿದ್ದ ನೆಲದ ಮೇಲೆ ಹೆಚ್ಚು ಕುಳಿ ಇರುತ್ತದೆ. ಎರಡೂ ನೆಲಗಳಲ್ಲಿ ಸಮ ವಿಸ್ತೀರ್ಣದ ಚೌಕ ಹಾಕಿ ಎಣಿಸಿ.

ಹತ್ತು ಪಿಕ್ಸೆಲ್‌ಗಿಂತ ಚಿಕ್ಕ ಕುಳಿಯನ್ನು ಲೆಕ್ಕಕ್ಕೆ ಸೇರಿಸಬೇಡಿ. 100 ಮೀಟರಿನ ಚಿತ್ರದಲ್ಲಿ ಅದು 1 ಕಿ.ಮೀ. ಈ ಎಣಿಕೆಯನ್ನು ಎ3 ಹಾಳೆಯಲ್ಲಿ ಮಾಡಲಾಗದು, ಆ ಚೌಕವನ್ನಷ್ಟೇ ಹಿಗ್ಗಿಸಿದ ಪ್ರತಿ ಬೇಕು. ಸರಪಳಿಯಲ್ಲೋ ಗುಂಪಿನಲ್ಲೋ ಇರುವ ಮರಿಕುಳಿಗಳನ್ನು ಬಿಡಿ, ಅವು ಒಂದೇ ದಿನದ ಸೃಷ್ಟಿ. ಎಣಿಕೆಯ ಅನಿಶ್ಚಿತತೆ ಆ ಸಂಖ್ಯೆಯ ವರ್ಗಮೂಲದಷ್ಟು. 25 ಕುಳಿ ಸಿಕ್ಕರೆ ಹೆಚ್ಚುಕಡಿಮೆ 5. ಒಂದು ಕಡೆ 25, ಇನ್ನೊಂದು ಕಡೆ 29 ಸಿಕ್ಕಿತೆಂದು ಯಾವುದು ಹಳೆಯದೆಂದು ಹೇಳಲು ಹೊರಡಬೇಡಿ.

## ಹಂತ 8: ಟಬ್ಬಿನಲ್ಲಿ ಪರೀಕ್ಷೆ

ಎರಚಲು, ಮುಚ್ಚಿಕೆ ಎಂದರೇನೆಂದು ಮಕ್ಕಳಿಗೆ ಕೈಯಾರೆ ತೋರಿಸಲು ಅಗಲವಾದ ಪ್ಲಾಸ್ಟಿಕ್ ಟಬ್ಬು ಸಾಕು. ಜರಡಿ ಹಿಡಿದ ಒಣ ಮರಳು 7 ಸೆಂ.ಮೀ., ಅದರ ಮೇಲೆ ಕೆಂಪು ರಂಗೋಲಿ ಪುಡಿ 3 ಮಿ.ಮೀ., ಮೇಲೆ ಬಿಳಿ ರಂಗೋಲಿ ಪುಡಿ 2 ಮಿ.ಮೀ. ಗಾಜಿನ ಗೋಲಿಯನ್ನು 1 ಮೀಟರ್, 2 ಮೀಟರ್ ಎತ್ತರದಿಂದ ಬಿಡಿ. ಕೆಳಗಿನ ಕೆಂಪು ಹೊರಬಂದು ಬಿಳಿಯ ಮೇಲೆ ಹರಡುತ್ತದೆ. ಪಕ್ಕದಲ್ಲೇ ಇನ್ನೊಂದು ಗೋಲಿ ಬಿಟ್ಟು, ಯಾವುದರ ಎರಚಲು ಯಾವುದರ ಮೇಲಿದೆ ಎಂದು ನೋಡದವರೊಬ್ಬರಿಂದ ಹೇಳಿಸಿ. ಲಾವಾ ತೋರಿಸಲು ಒಂದು ಕುಳಿಗೆ ಕಪ್ಪು ರಂಗೋಲಿ ಪುಡಿ ಸುರಿದು ಸ್ಕೇಲಿನ ಅಂಚಿನಿಂದ ಮಟ್ಟ ಮಾಡಿ. ಮೇಲಿನಿಂದ ಉದುರಿಸಿದರೆ ಗೋಡೆಗಳ ಮೇಲೂ ಕೂರುತ್ತದೆ, ಲಾವಾ ಹಾಗೆ ಕೂರುವುದಿಲ್ಲ, ತಗ್ಗು ಹುಡುಕಿ ಸಮನಾಗಿ ನಿಲ್ಲುತ್ತದೆ.

ಎರಚಲೇ ಬಾರದಿದ್ದರೆ ಮರಳು ತೇವವಾಗಿದೆ. ಮಳೆಗಾಲದಲ್ಲಿ ಎರಡು ದಿನ ಬಿಸಿಲಿಗೆ ಹಾಕಿ. ಪುಡಿ ಉಸಿರಿಗೆ ಹೋಗದಂತೆ ಮಾಸ್ಕ್ ಹಾಕಿಸಿ.

ಈ ಪರೀಕ್ಷೆಯ ಮಿತಿಯನ್ನೂ ಹೇಳಬೇಕು. 2 ಮೀಟರಿನಿಂದ ಬಿದ್ದ ಗೋಲಿಯ ವೇಗ ಸೆಕೆಂಡಿಗೆ 6 ಮೀಟರ್ ಚಿಲ್ಲರೆ. ಉಲ್ಕೆಗಳದು ಸೆಕೆಂಡಿಗೆ ಹತ್ತಾರು ಕಿ.ಮೀ. ಗೋಲಿ ಕುಳಿಯಲ್ಲೇ ಉಳಿಯುತ್ತದೆ, ಉಲ್ಕೆಯ ಬಹುಪಾಲು ಕರಗಿ ಆವಿಯಾಗುತ್ತದೆ. ಓರೆಯಾಗಿ ಎಸೆದ ಗೋಲಿ ಉದ್ದನೆಯ ಕುಳಿ ಮಾಡಿದ್ದನ್ನು ಕಂಡು ಚಂದ್ರನ ಮೇಲೂ ಹಾಗೇ ಎಂದು ಬರೆಸಬೇಡಿ.

## ಹಂತ 9: ನಮ್ಮ ಬಂಡೆಗಳ ಮೇಲೆ ಅಭ್ಯಾಸ

ಕಡಿತದ ನಿಯಮ ಕಲಿಯಲು ಮಂಡ್ಯ ಜಿಲ್ಲೆಯಷ್ಟು ಅನುಕೂಲದ ಜಾಗ ಕಡಿಮೆ. ಬೂದು ಬಣ್ಣದ ಪಟ್ಟೆಪಟ್ಟೆ ನೈಸ್ ಶಿಲೆ ಇಲ್ಲಿನ ತಳಪಾಯ. ಅದನ್ನು ಸೀಳಿಕೊಂಡು ನಸುಗೆಂಪು ಎಳೆಗಳು, ಕಪ್ಪು ಡೈಕುಗಳು (ಬಿರುಕಿಗೆ ನುಗ್ಗಿ ಗಟ್ಟಿಯಾದ ಕಲ್ಲಿನ ಪಟ್ಟಿಗಳು) ಹಾದುಹೋಗಿವೆ. ಶ್ರೀರಂಗಪಟ್ಟಣದ ಸುತ್ತಲಿನ, ದೊಡ್ಡ ಹರಳುಗಳಿರುವ ಪಾರ್ಫಿರಿ ಡೈಕುಗಳು ಭೂವಿಜ್ಞಾನಿಗಳಿಗೆ ಚಿರಪರಿಚಿತ. ಎರಡು ಎಳೆಗಳು ಅಡ್ಡ ಹಾಯುವ ಒಂದು ಜಾಗ ಹುಡುಕಿ. ಯಾವುದು ತುಂಡಾಗದೆ ನೇರ ಹೋಗಿದೆಯೋ ಅದು ಕಿರಿಯದು. ಫೋಟೋದಲ್ಲಿ ಅಳತೆಗೆ ಪೆನ್ನೋ ನಾಣ್ಯವೋ ಇಡಿ.

ನದಿ ಪಾತ್ರಕ್ಕೆ ಇಳಿಯುವುದಾದರೆ ಬೇಸಿಗೆಯಲ್ಲಿ ಮಾತ್ರ, ದೊಡ್ಡವರೊಂದಿಗೆ, ಕೆಆರ್‌ಎಸ್‌ನಿಂದ ನೀರು ಬಿಡುವ ಸೂಚನೆ ಇದೆಯೇ ಎಂದು ವಿಚಾರಿಸಿಕೊಂಡು. ನೀರು ಏರುವುದು ಬಂಡೆಯ ಮೇಲೆ ನಿಂತವರಿಗೆ ತಡವಾಗಿ ಗೊತ್ತಾಗುತ್ತದೆ. ಪಾಚಿ ಕಟ್ಟಿದ ಬಂಡೆ, ಸುಳಿ ಇರುವ ಗುಂಡಿಗಳ ಹತ್ತಿರ ಹೋಗಲೇಬೇಡಿ. ಬೆಟ್ಟದಲ್ಲಿ, ಕೋಟೆ ದೇವಸ್ಥಾನಗಳ ಆಸುಪಾಸಿನಲ್ಲಿ ಸುತ್ತಿಗೆ ಹಾಕುವಂತಿಲ್ಲ, ಕಣ್ಣೇ ಸಾಕು.

## ಬೇರೆ ಗ್ರಹ, ಉಪಗ್ರಹಗಳಿಗೆ ಹೋಗುವಾಗ

ಕ್ರಮ ಇದೇ, ಆದರೆ ಕೆಲವು ಕಡೆ ಸಾಮಾನು ಬದಲಾಗುತ್ತದೆ. ಮೆಗೆಲನ್ ನೌಕೆ ತೆಗೆದ ಶುಕ್ರನ ಚಿತ್ರಗಳು, ಕಸೀನಿ ನೌಕೆ ತೆಗೆದ ಶನಿಯ ಉಪಗ್ರಹ ಟೈಟಾನಿನ ಚಿತ್ರಗಳಲ್ಲಿ ಬಹಳಷ್ಟು ರೇಡಾರಿನವು. ಅಲ್ಲಿ ಬೆಳ್ಳಗಿರುವುದೆಂದರೆ ಸಾಮಾನ್ಯವಾಗಿ ಒರಟು ನೆಲ ಅಥವಾ ರೇಡಾರಿಗೆ ಮುಖ ಮಾಡಿದ ಇಳಿಜಾರು, ಬಿಸಿಲು ಬಿದ್ದ ಜಾಗವಲ್ಲ. ಮೂರನೇ ಹಂತದಲ್ಲಿ ಸೂರ್ಯನ ಬದಲು ರೇಡಾರ್ ನೋಡಿದ ದಿಕ್ಕನ್ನು ಹುಡುಕಬೇಕು.

ಗುರುವಿನ ಉಪಗ್ರಹ ಅಯೊದಲ್ಲಿ ಬಡಿತದ ಕುಳಿ ಒಂದೂ ಕಂಡಿಲ್ಲ, ಜ್ವಾಲಾಮುಖಿಗಳು ಎಲ್ಲವನ್ನೂ ಮುಚ್ಚುತ್ತಲೇ ಇವೆ. ಯುರೋಪಾದಲ್ಲಿ ಕುಳಿಗಳು ಬಹಳ ಕಡಿಮೆ. ಹಾಗಾಗಿ ಏಳನೇ ಹಂತ ಅಯೊದಲ್ಲಿ ನಡೆಯುವುದೇ ಇಲ್ಲ, ಯುರೋಪಾದಲ್ಲಿ ಹೆಚ್ಚು ಕೊಡುವುದಿಲ್ಲ. ಯುರೋಪಾದಲ್ಲಿ ಪೂರ್ತಿ ಕೆಲಸ ಐದನೇ ಹಂತದ್ದು: ಹಿಮದ ಏಣುಗಳು ಒಂದನ್ನೊಂದು ಕಡಿದಿರುವುದನ್ನು ಬಿಡಿಸುತ್ತಾ ಹೋಗುವುದು. ಮಂಗಳನಲ್ಲಿ ಧೂಳು ಗಡಿಗಳನ್ನು ಮಸುಕು ಮಾಡುತ್ತದೆ, ತುಂಡುಗೆರೆ ಧಾರಾಳವಾಗಿ ಬಳಸಿ. ಅಲ್ಲಿನ ಕೆಲವು ಕುಳಿಗಳ ಎರಚಲು ಕೆಸರು ಹರಿದಂತೆ ದಪ್ಪ ಅಂಚಿನ ಎಸಳುಗಳಾಗಿ ನಿಂತಿರುತ್ತದೆ, ಅದನ್ನು ಲಾವಾ ಹರಿವೆಂದು ಬರೆಯುವ ಮೊದಲು ಮಧ್ಯದಲ್ಲಿ ಕುಳಿ ಇದೆಯೇ ನೋಡಿ.

## ನಕ್ಷೆ ಒಪ್ಪಿಸುವ ಮುನ್ನ

ಗಡಿಗೆರೆ ಯಾವುದೂ ಮಧ್ಯದಲ್ಲಿ ನಿಂತಿರಬಾರದು. ಅದು ತಿರುಗಿ ತನ್ನನ್ನೇ ಸೇರಬೇಕು, ಇನ್ನೊಂದು ಗೆರೆಯನ್ನು ಸೇರಬೇಕು, ಇಲ್ಲವೇ ಹಾಳೆಯ ಅಂಚಿಗೆ ಹೋಗಬೇಕು. ಬಣ್ಣದ ಕೋಷ್ಟಕದಲ್ಲಿ ಕಿರಿಯದು ಮೇಲೆ, ಹಿರಿಯದು ಕೆಳಗೆ. ಕೋಷ್ಟಕದಲ್ಲಿರುವ ಪ್ರತಿ ಬಣ್ಣ ನಕ್ಷೆಯಲ್ಲೂ ಇರಬೇಕು.

ಆಮೇಲೆ ಅದೇ ಪ್ರಿಂಟನ್ನು ಹೊಸ ಟ್ರೇಸಿಂಗ್ ಹಾಳೆಯ ಜೊತೆ ನಿಮ್ಮ ನಕ್ಷೆ ನೋಡಿರದ ಇನ್ನೊಬ್ಬರಿಗೆ ಕೊಡಿ. ಅವರು ಎಳೆದ ಗಡಿಯನ್ನು ನಿಮ್ಮದರ ಮೇಲೆ ಇಟ್ಟು ಕಿಟಕಿಯ ಗಾಜಿಗೆ ಹಿಡಿದು ನೋಡಿ. ಎರಡೂ ಗೆರೆ ಕೂಡಿದ ಕಡೆ ಅಖಂಡ ಗೆರೆಯನ್ನು ಹಾಗೇ ಬಿಡಿ. ಕೂಡದ ಕಡೆ ಇಬ್ಬರೂ ಕೂತು ಮೂಲ ಚಿತ್ರ ತೆಗೆದು ನೋಡಿ, ಆಗಲೂ ಒಪ್ಪಂದವಾಗದಿದ್ದರೆ ಅಲ್ಲಿ ತುಂಡುಗೆರೆ ಹಾಕಿ, ಆ ಗಡಿಯ ಚೀಟಿಯ ಮೇಲೆ ಪ್ರಶ್ನಾರ್ಥಕ ಚಿಹ್ನೆ ಬರೆದು ನಕ್ಷೆಯ ಜೊತೆಗೇ ಲಗತ್ತಿಸಿ.